ಬೀಟ್ ಅಂದರೆ ಪೆಟ್ಟೋ, ತಾಳವೋ, ಗತ್ತೋ?

ಎಲ್ಲರಿಗೂ ನಮಸ್ಕಾರ.

ರಾಕ್ ತಂಡಗಳು ಡಾನ್ಸ್ ಕ್ಲಬ್ಬಿನ ಕಡೆ ವಾಲಿದ್ದರ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ತಂಡದವರೆಗೆ ಬಂದವನು ‘ಬೀಟ್’ ಎಂಬ ಪದಕ್ಕೆ ಎಡವಿ ಅಲ್ಲೇ ಕೂತಿದ್ದೇನೆ.

1980ರ ಮೇ ತಿಂಗಳಲ್ಲಿ ಗಾಯಕ ಇಯನ್ ಕರ್ಟಿಸ್ ತೀರಿಕೊಂಡ ಮೇಲೆ ಜಾಯ್ ಡಿವಿಷನ್ ತಂಡದಲ್ಲಿ ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೊಸ ಹೆಸರಿಟ್ಟುಕೊಂಡರು. ಗಿಲಿಯನ್ ಗಿಲ್ಬರ್ಟ್ ಜೊತೆಗೂಡಿದರು. 1983ರ ಮಾರ್ಚಿನಲ್ಲಿ ಬಂದ ‘ಬ್ಲೂ ಮಂಡೇ’ ಹೆಚ್ಚುಕಡಿಮೆ ಏಳೂವರೆ ನಿಮಿಷದ ಹಾಡು. ಶುರುವಿಗೆ ಕಿಕ್ ಡ್ರಮ್ (ಕಾಲಲ್ಲಿ ಒತ್ತಿ ಬಾರಿಸುವ ದೊಡ್ಡ ಡ್ರಮ್ಮಿನ ಸದ್ದು) ಬಿಟ್ಟರೆ ಬೇರೇನಿಲ್ಲ. ಧಪ್, ಧಪ್, ಧಪ್, ಧಪ್, ಆಮೇಲೆ ಪಟಾಕಿ ಸರ ಹೊತ್ತಿಕೊಂಡ ಹಾಗೆ ಒತ್ತೊತ್ತಾಗಿ. ಡ್ರಮ್ಮರ್ ಇದ್ದೂ ಇಲ್ಲಿ ಬಾರಿಸಿದ್ದು ಓಬರ್‌ಹೈಮ್ ಡಿಎಂಎಕ್ಸ್ ಎಂಬ ಯಂತ್ರ.

ಮೊದಲು ‘ತಾಳ’ ಎಂದು ಬರೆದು ಹೊಡೆದುಹಾಕಿದೆ. ಚತುರಶ್ರ ಏಕತಾಳಕ್ಕೂ ನಾಲ್ಕೇ ಎಣಿಕೆ, ಸರಿ. ಆದರೆ ಒಂದು ತಟ್ಟು, ಮೂರು ಬೆರಳೆಣಿಕೆ. ನಾಲ್ಕಕ್ಕೂ ಒಂದೇ ತೂಕ ಹಾಕಿ ನೆಲ ಅದುರಿಸುವುದು ತಾಳದ ಜಾಯಮಾನವಲ್ಲ. ‘ಲಯ’ ತೀರಾ ವಿಶಾಲ. ‘ಬಡಿತ’ ಅಂದರೆ ಹೃದಯದ ಡಾಕ್ಟರ ನೆನಪಾಗುತ್ತದೆ.

ನನಗೆ ಹಿಡಿಸಿದ್ದು ‘ಗತ್ತು’. ಡೊಳ್ಳು ಕುಣಿತದಲ್ಲಿ ಗತ್ತು ಬದಲಾದ ಕೂಡಲೇ ಹೆಜ್ಜೆಯೂ ಬದಲಾಗುತ್ತದಲ್ಲ, ಆ ಗತ್ತು. ಒಂದೊಂದು ಹೊಡೆತ ಪೆಟ್ಟು. ಪೆಟ್ಟುಗಳು ಸೇರಿ ಮತ್ತೆ ಮತ್ತೆ ಮರಳುವ ವರಸೆ ಗತ್ತು. ಇಂಗ್ಲಿಷಿನ ಬೀಟ್ ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದೆ, ನಾವು ಬೇರೆಬೇರೆಯಾಗಿ ಇಟ್ಟುಕೊಂಡಿದ್ದೇವೆ. ತೊಡಕೆಂದರೆ, ದಿನಬಳಕೆಯಲ್ಲಿ ಗತ್ತು ಅಂದರೆ ಠೀವಿ. ‘ಈ ಹಾಡಿನ ಗತ್ತು’ ಎಂದರೆ ಹಾಡು ಕಾಲರ್ ಎತ್ತಿಕೊಂಡು ಓಡಾಡುತ್ತಿದೆ ಅಂದುಕೊಂಡಾರು. (ಈ ಹಾಡಿನ ಮಟ್ಟಿಗೆ ಅದೂ ಸುಳ್ಳಲ್ಲ.)

ಇನ್ನು ಕ್ರಿಯಾಪದ. ತಮಟೆ ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ, ಕೊಳಲು ಊದುತ್ತೇವೆ. ತುಂಬಿಟ್ಟ ಸ್ವರಗಳನ್ನು ತಾನೇ ಸಾಲಾಗಿ ನುಡಿಸುವ ಯಂತ್ರವಾದ ಸೀಕ್ವೆನ್ಸರನ್ನು? ಗಿಲ್ಬರ್ಟ್ ಒಂದೊಂದೇ ಸ್ವರವನ್ನು ಕೈಯಾರೆ ಅದಕ್ಕೆ ಉಣಿಸಬೇಕಿತ್ತು. ಎ4 ಹಾಳೆಗಳಲ್ಲಿ ಬರೆದು, ಟೇಪ್ ಹಚ್ಚಿ ಒಂದಕ್ಕೊಂದು ಅಂಟಿಸಿದ್ದು ಸ್ಟುಡಿಯೋ ಉದ್ದಕ್ಕೂ ಬಂತಂತೆ. ದೊಡ್ಡದೊಂದು ಸ್ವೆಟರ್ ಹೆಣಿಗೆಯ ನಮೂನೆ ಥರ ಇತ್ತೆಂದು ಅವರೇ ನೆನೆಸಿಕೊಂಡಿದ್ದಾರೆ. ಅದಕ್ಕೇ ನಾನು ‘ಹೆಣೆದರು’ ಎಂದು ಬರೆದಿದ್ದೇನೆ. ‘ಪ್ರೋಗ್ರಾಂ ಮಾಡಿದರು’ ಸಲೀಸು, ಆದರೆ ಆ ಹಾಳೆಗಳ ಸಾಲು ಅದರಲ್ಲಿ ಕಾಣುವುದಿಲ್ಲ.

ಹೆಣೆಯುವಾಗ ಒಂದು ಸ್ವರ ಬಿಟ್ಟುಹೋಯಿತು. ಮಟ್ಟು ಪೆಟ್ಟಿನಿಂದ ಚೂರು ಸರಿದು ಕೂತಿತು, ಹಾಗೇ ಧ್ವನಿಮುದ್ರಣವೂ ಆಯಿತು. ಇದನ್ನು ‘ತಾಳ ತಪ್ಪಿತು’ ಅನ್ನಲಾರೆ, ಯಂತ್ರ ತಾಳ ಬಿಟ್ಟಿಲ್ಲ. ತಾಳದ ಶುರುವಿಗಿಂತ ಮೊದಲೋ ಆಮೇಲೋ ಹಾಡನ್ನು ಎತ್ತಿಕೊಳ್ಳುವ ಅತೀತ, ಅನಾಗತ ಎಂಬ ಎಡುಪುಗಳಿವೆಯಾದರೂ ಅವು ಬೇಕೆಂದೇ ಮಾಡುವಂಥವು, ಇದು ಕೈತಪ್ಪು. ಸದ್ಯಕ್ಕೆ ‘ಮಟ್ಟು ಜಾರಿತು’ ಎಂದು ಹಾಕಿದ್ದೇನೆ, ಸಮಾಧಾನವಿಲ್ಲ.

ಡೊಳ್ಳು, ತಮಟೆ, ಚೆಂಡೆ ಬಲ್ಲವರು ಹೇಳಬೇಕು: ನಿಮ್ಮ ಕಡೆ ಗತ್ತು ಅಂದರೆ ಇಡೀ ವರಸೆಯೋ, ಬರೀ ವೇಗವೋ? ಕುಣಿಯುವವರ ಹೆಜ್ಜೆ ಪೆಟ್ಟಿನಿಂದ ಚೂರೇ ಸರಿದರೆ ಬಾರಿಸುವವರು ಏನೆಂದು ಬೈಯುತ್ತಾರೆ? ಆ ಬೈಗುಳವೇ ನನಗೆ ಬೇಕಾದ ಪದವಾಗಿದ್ದರೂ ಆಗಿರಬಹುದು.