ಅಪ್‌ಡೇಟ್: ಮೈಸೂರಿನಿಂದ ಸಿಂಗಾಪುರಕ್ಕೆ, ಸಸ್ಯಾಹಾರಿ ಕುಟುಂಬದ ಊಟ

ಅಪ್ಪ, ಅಮ್ಮ, ಮಗುವಿನ ಜೊತೆ ಸಿಂಗಾಪುರಕ್ಕೆ ಹೋದರೆ ಇಳಿದ ದಿನ ಏನೇನು ನೋಡಿಕೊಳ್ಳಬೇಕು, ಮೀನು-ಮಾಂಸ ಸೋಕದ ಊಟ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಹೋಗಿ ಬಂದಾಯ್ತು.

ವೀಸಾ ಬೇರೆ, ಅರೈವಲ್ ಕಾರ್ಡ್ (ಸಿಂಗಾಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಪ್ರವೇಶ ಫಾರ್ಮ್) ಬೇರೆ. ಕಾರ್ಡನ್ನು ಇಳಿಯುವ ಮುಂಚೆ, ಇಳಿಯುವ ದಿನವೂ ಸೇರಿ 3 ದಿನದೊಳಗೆ, ಮಗುವಿಗೂ ಸೇರಿಸಿ, ಸರ್ಕಾರಿ ತಾಣದಲ್ಲೇ ತುಂಬಿಸಿ. ಅದು ಪೂರ್ತಿ ಉಚಿತ, ದುಡ್ಡು ಕೇಳುವ ತಾಣಗಳಿಗೆ ಹೋಗಲೇಬೇಡಿ. ಚಾಂಗಿ ವಿಮಾನ ನಿಲ್ದಾಣದಲ್ಲಿ, ಜೊತೆಗೆ ಮಗು ಇದ್ದರೆ ಟ್ಯಾಕ್ಸಿ ಸಾಲೇ ಒಳ್ಳೇದು: 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಆ್ಯಪ್‌ನ ಖಾಸಗಿ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ಟ್ಯಾಕ್ಸಿಗೆ ವಿನಾಯ್ತಿ ಇದೆ.

ಊಟದ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಹಾಕರ್ ಸೆಂಟರ್‌ನಲ್ಲಿ (ಸಣ್ಣ ಸಣ್ಣ ಊಟದ ಅಂಗಡಿಗಳು ಒಂದೇ ಕಡೆ ಇರುವ ಜಾಗ) ಬರೀ ತರಕಾರಿ ಕಾಣುವ ತಟ್ಟೆಯಲ್ಲೂ ಒಣ ಸೀಗಡಿ ಅಡಗಿರಬಹುದು. ಸಾಂಬಲ್ ಅನ್ನೋ ಮೆಣಸಿನಕಾಯಿ ಚಟ್ನಿಗೆ ಬೆಲಾಚಾನ್ (ಸೀಗಡಿ ಪೇಸ್ಟ್), ಲಕ್ಸಾ ಅನ್ನೋ ನೂಡಲ್ಸ್ ಸಾರಿನ ಮಸಾಲೆಗೂ ಒಣ ಸೀಗಡಿ, ಸೊಪ್ಪಿನ ಪಲ್ಯಕ್ಕೆ ಆಯ್‌ಸ್ಟರ್ ಸಾಸ್ (ಸಿಂಪಿಯಿಂದ ಮಾಡಿದ ಸಾಸ್) ಹಾಕೋದು ಅಲ್ಲಿನ ವಾಡಿಕೆ. "ಮಾಂಸ ಬೇಡ" ಅಂದರೆ ಸಾಲದು, ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಚೀನೀ ಸಸ್ಯಾಹಾರಿ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಸಾಮಾನ್ಯವಾಗಿ ಇರಲ್ಲ, ಆದರೆ ಮೊಟ್ಟೆ ಇರಬಹುದು. ಹಿರಿಯರಿಗೆ ಸೆರಂಗೂನ್ ರಸ್ತೆಯ ಕೋಮಳ ವಿಲಾಸ ಹೋಟೆಲೇ ನಿಶ್ಚಿಂತೆ, 1947ರಿಂದ ಸಸ್ಯಾಹಾರಿ.

ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತಿದ್ದರೆ 10% ಸೇವಾ ಶುಲ್ಕ, ಅದರ ಮೇಲೆ 9% ಜಿಎಸ್‌ಟಿ ಸೇರುತ್ತೆ. ಕೇಳದೇ ಮೇಜಿಗೆ ಬರುವ ಕಡಲೆಕಾಯಿ, ಒದ್ದೆ ಟಿಶ್ಯೂಗೂ ಬಿಲ್ ಬೀಳಬಹುದು. ಬೇಡದಿದ್ದರೆ ಆಗಲೇ ವಾಪಸ್ ಕೊಡಿ. ಹಾಕರ್ ಸೆಂಟರ್‌ನಲ್ಲಿ ತಟ್ಟೆಯನ್ನು ನೀವೇ ಎತ್ತಿಡಬೇಕು, ಬಿಟ್ಟು ಎದ್ದರೆ ದಂಡ ಬೀಳಬಹುದು. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಿರಿ.