ಸಿಂಕ್ ಕಟಿಂಗ್ ಆದ ಮೇಲೆ ಮುಂದಿನ ಪಟ್ಟಿ ಬಿರುಕು ಬಿಡುತ್ತಿದೆ (18 ಎಂಎಂ ಗ್ರಾನೈಟ್)

ಕಲ್ಲಂಗಡಿ_ಹಾಸನ
ನಮ್ಮದು ಚಿಕ್ಕ ಶಾಪ್. ಬ್ರಿಡ್ಜ್ ಕಟರ್ (ಸ್ಲ್ಯಾಬ್ ಕೊಯ್ಯುವ ದೊಡ್ಡ ಮೆಷಿನ್) ಇಲ್ಲ. 5 ಇಂಚಿನ ಕೈ ಕಟರ್, ಗ್ರೈಂಡರ್, ನೀರಿನ ಪಾಲಿಶರ್ ಅಷ್ಟೇ. ಅಡುಗೆಮನೆ ಕಟ್ಟೆಗೆ 18 ಎಂಎಂ ತಿಳಿ ಬಣ್ಣದ ಗ್ರಾನೈಟ್, 8 ಅಡಿ ಉದ್ದ, 25 ಇಂಚು ಅಗಲ. ಸಿಂಕ್ 24×18 ಇಂಚು, ಕಲ್ಲಿನ ಕೆಳಗೆ ಕೂರಿಸುವಂಥದ್ದು. ಅದಕ್ಕೆ 22×16 ಕಟಿಂಗ್ ಮಾಡಿ, ಮುಂದೆ ಎರಡೂವರೆ ಇಂಚು ಪಟ್ಟಿ ಬಿಡುತ್ತೇವೆ. ಈ ಪಟ್ಟಿಯಲ್ಲೇ, ಕಟಿಂಗ್ ಮೂಲೆಯಿಂದ ಮುಂದಿನ ಅಂಚಿನ ಕಡೆಗೆ ಕೂದಲೆಳೆ ಬಿರುಕು. ಕೆಲವು ಗಾಡಿಯಿಂದ ಇಳಿಸುವಾಗಲೇ ಕಾಣುತ್ತವೆ, ಕೆಲವು ಕೂರಿಸಿ ವಾರವಾದ ಮೇಲೆ. ಬ್ಲೇಡ್ ಬದಲಿಸಿದರೂ ಅದೇ ಕಥೆ. ಕಲ್ಲಿನದೋ, ಕಟಿಂಗ್‌ನದೋ? ಕೆಳಗೆ ರಾಡ್ ಹಾಕಿ ಅಂತಾರೆ, ಹೇಗೆ?

ಉಳಿಸುತ್ತಿಗೆ
ಬಿರುಕು ಮೂಲೆಯಿಂದಲೇ ಹೊರಡುತ್ತಿದೆ ಅಂದರೆ ಮೊದಲು ಮೂಲೆ ನೋಡಿ. ಬ್ಲೇಡ್ ಗುಂಡಗಿದೆ, ಅದಕ್ಕೇ ಮೇಲೆ ಕೊಯ್ದಷ್ಟು ಉದ್ದ ಅಡಿಯಲ್ಲಿ ಕೊಯ್ಯುವುದಿಲ್ಲ. 5 ಇಂಚಿನ ಬ್ಲೇಡನ್ನು 25 ಎಂಎಂ ಇಳಿಸಿ 18 ಎಂಎಂ ಕಲ್ಲು ಕೊಯ್ದರೆ, ಅಡಿಭಾಗ ಮೂಲೆ ಮುಟ್ಟುವಷ್ಟರಲ್ಲಿ ಮೇಲಿನ ಮುಖದಲ್ಲಿ ಸುಮಾರು 20 ಎಂಎಂ ಸೀಳು ಗೆರೆ ದಾಟಿ ಹೋಗಿರುತ್ತದೆ. ಎರಡೂವರೆ ಇಂಚಿನ ಪಟ್ಟಿಯಲ್ಲಿ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಮೇಲೆ ಏನಾದರೂ ತುಂಬಿ ಮುಚ್ಚಿದರೂ ಸೀಳು ಅಲ್ಲೇ ಇರುತ್ತದೆ.

ನಾಲ್ಕೂ ಮೂಲೆಗೆ ಮೊದಲು 35 ಎಂಎಂ ಕೋರ್ ಬಿಟ್‌ನಿಂದ ತೂತು ಹಾಕಿ, ನಲ್ಲಿ ತೂತಿಗೆ ಬಳಸುವ ಬಿಟ್ಟೇ ಸಾಕು. ತೂತಿನ ಹೊರ ಅಂಚು ಮಾರ್ಕಿಂಗ್ ಗೆರೆಯನ್ನು ಮುಟ್ಟಬೇಕು, ದಾಟಬಾರದು. ಆಮೇಲೆ ಗೆರೆಯಿಂದ 2–3 ಎಂಎಂ ಒಳಗೇ ಕಟರ್ ಓಡಿಸಿ. ಒಂದೇ ಏಟಿಗೆ ಇಳಿಸಬೇಡಿ, ಸಲಕ್ಕೆ 5–6 ಎಂಎಂ, ನೀರು ಬಿಡುತ್ತಾ. ಮೇಲ್ಮುಖದಲ್ಲಿ ಬ್ಲೇಡ್ ತೂತಿನ ನಡುಮಧ್ಯಕ್ಕೆ ಬಂದ ಕೂಡಲೇ ನಿಲ್ಲಿಸಿ. ಅಡಿಯಲ್ಲಿ ಉಳಿಯುವ ಚೂರನ್ನು ಗ್ರೈಂಡರಿಗೆ ಚಿಕ್ಕ ಬ್ಲೇಡ್ ಹಾಕಿ ಕೆಳಗಿನಿಂದ ಬಿಡಿಸಿ.

ಇನ್ನೊಂದು. ಒಳಗಿನ ತುಂಡೇ 11 ಕೆಜಿ ತೂಗುತ್ತದೆ (18 ಎಂಎಂ ಗ್ರಾನೈಟ್ ಚದರಡಿಗೆ ಸುಮಾರು ನಾಲ್ಕೂವರೆ ಕೆಜಿ). ಕೊನೆಯ ಬದಿ ಕೊಯ್ಯುವಾಗ ಅದು ಜೋತು ಬಿದ್ದು ಪಟ್ಟಿಯನ್ನು ಎಳೆಯುತ್ತದೆ. ಕೆಳಗೆ ಮರದ ದಿಮ್ಮಿ ಕೊಟ್ಟೇ ಕೊನೆಯ ಕೊಯ್ತ ಹಾಕಿ. ಕೊಯ್ದ ಅಂಚಿನ ಸಣ್ಣ ಚಕ್ಕೆಗಳೂ ಬಿರುಕಿಗೆ ದಾರಿ. ಸಿಂಕ್ ಕಡೆ ಕಾಣುವ ಅಂಚಿಗೆ 50ರಿಂದ 3000 ನಂಬರಿನವರೆಗೆ ಪಾಲಿಶ್ ಪ್ಯಾಡ್ ಹೇಗೂ ಹೊಡೆಯುತ್ತೀರಿ. ಕಾಣದ ಕೆಳ ಅಂಚಿಗೂ 200ರವರೆಗಾದರೂ ಹೊಡೆಯಿರಿ.

ಗ್ರಾನೈಟ್_ಜಿಗಣಿ
ಮೂಲೆ ವಿಷಯ ಒಪ್ಪಿದೆ. ಆದರೆ ಎರಡೂವರೆ ಇಂಚು ಯಾಕೆ? 25ರಲ್ಲಿ 16 ಹೋದರೆ 9 ಉಳಿಯುತ್ತದೆ. ಮುಂದೆ ಮೂರೂವರೆ, ಹಿಂದೆ ಐದೂವರೆ ಬಿಡಿ. ನಲ್ಲಿಗೆ ಅಷ್ಟು ಜಾಗ ಧಾರಾಳ.

ರಾಡ್: 304 ಸ್ಟೇನ್‌ಲೆಸ್ ಸ್ಟೀಲ್, 5 ಎಂಎಂ. ಕಲ್ಲು ಮಗುಚಿ, ಪಟ್ಟಿಯ ಅಡಿಯಲ್ಲಿ 7 ಎಂಎಂ ಅಗಲ, 7 ಎಂಎಂ ಆಳದ ಕಾಲುವೆ ಕೊರೆಯಿರಿ, ಕಟಿಂಗ್‌ನ ಎರಡೂ ಬದಿಗೆ 6 ಇಂಚು ಮುಂದುವರಿಯಲಿ. ಕೊರೆದ ಕೆಸರು ತೊಳೆದು ಪೂರ್ತಿ ಒಣಗಿಸಿ. ತೇವ ಇದ್ದರೆ ಎಪಾಕ್ಸಿ (ಎರಡು ಭಾಗ ಕಲಸಿ ಹಾಕುವ ಅಂಟು) ಹಿಡಿಯುವುದಿಲ್ಲ, ಎಲ್ಲರೂ ಅವಸರ ಮಾಡುವುದು ಇಲ್ಲೇ. ರಾಡಿಗೆ ಉಪ್ಪುಕಾಗದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಅರ್ಧ ಎಪಾಕ್ಸಿ, ರಾಡ್, ಮೇಲೆ ಮತ್ತೆ ಎಪಾಕ್ಸಿ. ಒಂದು ದಿನ ಎತ್ತಬೇಡಿ. ಕಟ್ಟಡದ ಕಬ್ಬಿಣ ಮಾತ್ರ ಹಾಕಬೇಡಿ. ನೀರು ತಾಗಿ ತುಕ್ಕು ಹಿಡಿದರೆ ಉಬ್ಬಿ ಕಲ್ಲನ್ನೇ ಸೀಳುತ್ತದೆ.

ನನ್ನ ಕೇಳಿದರೆ ರಾಡಿಗಿಂತ ಡಬಲ್ ಪಟ್ಟಿಯೇ ಮೇಲು. ಕೆಳಮುಖಕ್ಕೆ ಅದೇ ಕಲ್ಲಿನ 2 ಇಂಚು ಅಗಲದ ಪಟ್ಟಿ ಅಂಟಿಸಿದರೆ ಅಷ್ಟು ಭಾಗದ ದಪ್ಪ ಇಮ್ಮಡಿ, ಬಾಗದಿರುವ ಶಕ್ತಿ ಎಂಟು ಪಟ್ಟು. ಮುಂದೆ ಮೂರೂವರೆ ಬಿಟ್ಟಿದ್ದರೆ ಸಿಂಕಿನ ಒಂದಿಂಚು ಅಂಚಿಗೂ ಜಾಗ ಉಳಿಯುತ್ತದೆ. ಅಂಟಿಸುವ ಪಟ್ಟಿಯ ಜಾಯಿಂಟ್ ಸಿಂಕ್ ಮುಂದೆ ಬರಬಾರದು. ಅಂಟಿಸಲು ಎಪಾಕ್ಸಿಯೇ ಬೇಕು. ಪಾಲಿಯೆಸ್ಟರ್ ಗಮ್ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ ಅಂತ ಹಾಕುತ್ತಾರೆ, ಸಿಂಕ್ ಹತ್ತಿರ ನೀರು ತಾಗುತ್ತಾ ತಾಗುತ್ತಾ ಬಿಟ್ಟುಕೊಳ್ಳುತ್ತದೆ.

ಸ್ಲ್ಯಾಬ್ ಕೊಳ್ಳುವಾಗ ನೀರು ಸುರಿದು ಒಣಗುವುದನ್ನು ನೋಡಿ. ಮೊದಲೇ ಬಿರುಕಿದ್ದ ಜಾಗ ಕೊನೆಯವರೆಗೂ ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ಸಿಂಕ್ ಕಡೆ ಬಾರದ ಹಾಗೆ ಮಾರ್ಕಿಂಗ್ ಮಾಡಿ.

ಫಿಟ್ಟಿಂಗ್_ತುಮಕೂರು
ವಾರದ ನಂತರ ಬರುವ ಬಿರುಕಿಗೆ ಶಾಪ್ ಕಾರಣ ಅಲ್ಲದಿರಬಹುದು. ಗ್ರಾನೈಟ್ ಕೂರಿಸಿದ ಮೇಲೆ ಗೋಡೆಗೆ ಟೈಲ್ ಹಾಕಲು ಬರುವವರು ಎಲ್ಲಿ ನಿಲ್ಲುತ್ತಾರೆ ಗಮನಿಸಿದ್ದೀರಾ? ಕಟ್ಟೆ ಮೇಲೆ, ಒಂದು ಕಾಲು ಸಿಂಕಿನ ಈಚೆಯ ಪಟ್ಟಿ ಮೇಲೆ! ಕಟಿಂಗ್ ಪೂರ್ತಿ ಮುಚ್ಚುವ ಪ್ಲೈವುಡ್ ಹಾಸಿ, ಮನೆಯವರಿಗೂ ಹೇಳಿ ಬನ್ನಿ.

ಸಿಂಕ್ ಕಡಪ ಕಲ್ಲಿನ ಅಡ್ಡಗೋಡೆಗಳ ನಡುವೆ ಬರುತ್ತದಲ್ಲ, ಆ ಎರಡರ ತಲೆಗೆ ರಸಮಟ್ಟ ಇಟ್ಟು ನೋಡಿ. ಒಂದು 3 ಎಂಎಂ ತಗ್ಗಿದ್ದರೂ ಕಲ್ಲು ಅಲ್ಲಿ ತೇಲುತ್ತದೆ, ಭಾರ ಬಿದ್ದಾಗ ಪಟ್ಟಿ ಬಾಗುತ್ತದೆ. ಗಾರೆಯನ್ನು ಉಂಡೆ ಉಂಡೆಯಾಗಿ ಇಡದೆ ತಲೆ ತುಂಬ ಹಾಸಿ. ತಿಳಿ ಕಲ್ಲಿಗೆ ಬೂದು ಸಿಮೆಂಟ್ ಬೇಡ, ಮೇಲೆ ಕಲೆ ಕಾಣುತ್ತದೆ. ಬಿಳಿ ಟೈಲ್ ಅಡ್ಹೆಸಿವ್ ಹಾಕಿ.

24×18 ಸಿಂಕ್ ತುಂಬಿದರೆ 50–60 ಲೀಟರ್ ನೀರು. ಆ ಭಾರ ಕಲ್ಲಿಗೆ ಅಂಟಿಸಿದ ಕ್ಲಿಪ್ ಮೇಲೆ ಬೀಳಬಾರದು, ಅಡ್ಡಗೋಡೆಗೆ ಆಂಗಲ್ ಹೊಡೆದು ಸಿಂಕನ್ನು ಅದರ ಮೇಲೆ ಕೂರಿಸಿ. ಸಿಲಿಕೋನ್ ನ್ಯೂಟ್ರಲ್ ಇರಲಿ, ಹುಳಿ ವಾಸನೆಯದ್ದು ಬೇಡ.

ಸಾಗಿಸುವಾಗ ಕಲ್ಲು ಯಾವಾಗಲೂ ನೆಟ್ಟಗೆ, ಹಿಂದಿನ ಅಗಲ ಬದಿ ಕೆಳಗೆ. ಪಟ್ಟಿಯ ಎರಡೂ ಮಗ್ಗುಲಿಗೆ ರೀಪು ಇಟ್ಟು ಕ್ಲಾಂಪ್ ಹಾಕಿ, ಕಟ್ಟೆ ಮೇಲೆ ಮಲಗಿಸಿದ ಮೇಲಷ್ಟೇ ಬಿಚ್ಚಿ. ಕಟಿಂಗ್ ಆದ ಕಲ್ಲು 64 ಕೆಜಿಯಷ್ಟೇ ಆದರೂ ಮೂವರು ಬೇಕು, ಇಬ್ಬರು ತುದಿಗೆ, ಒಬ್ಬರು ಕಟಿಂಗ್ ಹತ್ತಿರ.

ಕಲ್ಲಂಗಡಿ_ಹಾಸನ
ಟೈಲ್‌ನವರ ವಿಷಯ ಸರಿಯಾಗಿ ಹಿಡಿದಿರಿ. ಮಳೆಗಾಲದಲ್ಲಿ ಎಪಾಕ್ಸಿ ಒಂದು ದಿನದಲ್ಲಿ ಗಟ್ಟಿಯಾಗುತ್ತದಾ? ಬೇಗ ಆಗಲಿ ಅಂತ ಹಾರ್ಡ್‌ನರ್ (ಗಟ್ಟಿಯಾಗಿಸುವ ಭಾಗ) ಜಾಸ್ತಿ ಹಾಕಬಹುದಾ?

ಗ್ರಾನೈಟ್_ಜಿಗಣಿ
ಹಾಕಲೇಬೇಡಿ. ಅದು ಪಾಲಿಯೆಸ್ಟರ್‌ನ ಅಭ್ಯಾಸ. ಎಪಾಕ್ಸಿಯಲ್ಲಿ ಅಳತೆ ತಪ್ಪಿದರೆ ಕೊನೆವರೆಗೂ ಮೆತ್ತಗೇ ಉಳಿಯುತ್ತದೆ. ಡಬ್ಬಿ ಮೇಲಿನ ಪ್ರಮಾಣ ತೂಕದ್ದೋ, ಅಳತೆಯದ್ದೋ ಓದಿ, ತೂಕದ್ದಾದರೆ ತಕ್ಕಡಿಯಲ್ಲಿ ತೂಗಿ, ಅಳತೆಯದ್ದಾದರೆ ಅಳೆದು ಕಲಸಿ. ಚಳಿ ಇದ್ದರೆ ಎರಡು ದಿನ ಬಿಡಿ, ಇಲ್ಲವೇ 200 ವ್ಯಾಟ್ ಹಳೇ ಬಗೆಯ (ಬಿಸಿಯಾಗುವ, ಎಲ್ಇಡಿ ಅಲ್ಲದ) ಬಲ್ಬನ್ನು ಒಂದಡಿ ದೂರದಲ್ಲಿ ಉರಿಸಿಡಿ. ಕಲಸಿ ಉಳಿದ ಚೂರನ್ನು ಪಕ್ಕದಲ್ಲೇ ಇಟ್ಟು ಉಗುರಿನಿಂದ ಒತ್ತಿ ನೋಡಿ, ಗುರುತು ಬೀಳದಿದ್ದರೆ ಎತ್ತಬಹುದು.