ಹಗಲು ಆರೈಕೆ ಕೇಂದ್ರದ ಅಜ್ಜಿಯರಿಗೆ ಹಳೆಯ ಜಪಾನಿ ವಿರಹಗೀತೆಗಳು ಬೇಕಂತೆ. ಯಾವುದನ್ನು ಕಲಿಯಲಿ?

ಕಾವಾಸಾಕಿ ಕನ್ನಡತಿ:
ಪತಿಯ ಕೆಲಸದಿಂದಾಗಿ ಕಾವಾಸಾಕಿಯಲ್ಲಿ ನೆಲೆಸಿದ್ದೇವೆ. ಗುರುವಾರ ಮಧ್ಯಾಹ್ನ ಇಲ್ಲಿನ ಒಂದು ಹಿರಿಯರ ಹಗಲು ಆರೈಕೆ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತೇನೆ. ಚಹಾ ಕೊಡುವುದು, ಬಣ್ಣದ ಕಾಗದ ಮಡಿಸುವುದು, ಕೊನೆಯ ಅರ್ಧ ಗಂಟೆ ಎಲ್ಲರನ್ನೂ ಹಾಡಿಸುವುದು ನನ್ನ ಪಾಲಿನ ಕೆಲಸ. ಅವರು ಕೊಟ್ಟಿರುವ ಹಾಡಿನ ಪುಸ್ತಕದ ತುಂಬ ಶಾಲೆಯ ಹಾಡುಗಳೇ: ಹುಟ್ಟೂರಿನ ಬೆಟ್ಟ, ಕೆಂಪು ಏರೋಪ್ಲೇನ್ ಚಿಟ್ಟೆ, ಮುಳುಗುವ ಸೂರ್ಯ. ಹೋದ ವಾರ ಒಬ್ಬ ಅಜ್ಜಿ ಪುಸ್ತಕವನ್ನು ಮುಚ್ಚಿಟ್ಟು, "ನಮಗೇನು ಆರು ವರ್ಷವೇ? ಗಂಡಸು ಕೈಕೊಟ್ಟು ಹೋದ ಹಾಡು ಒಂದಾದರೂ ಇಲ್ಲವೇ ಇದರಲ್ಲಿ?" ಎಂದುಬಿಟ್ಟರು. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆದರೆ ಬೇಡ ಎಂದವರು ಒಬ್ಬರೂ ಇಲ್ಲ.

ನನಗೆ ಗೊತ್ತಿರುವ ಹಳೆಯ ಹಾಡೆಂದರೆ ಸಾಕಾಮೊಟೊ ಕ್ಯೂ 1961ರಲ್ಲಿ ಹಾಡಿದ, ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿದ ಆ ಒಂದೇ ಹಾಡು. ಕಾಲೇಜಿನಲ್ಲಿ ಭಾವಗೀತೆ ಹಾಡುತ್ತಿದ್ದೆ, ಆದ್ದರಿಂದ ರಾಗ ಹಿಡಿಯುವುದು ಕಷ್ಟವಾಗದು. ಆರೇಳು ಹಾಡು ಸೂಚಿಸುವಿರಾ?

ಕೋಬೆಯ ರೇಡಿಯೊ:
ನಿನ್ನನ್ನು ತಂಗಿ ಎನ್ನುವ ವಯಸ್ಸು ನನ್ನದು, ಏಕವಚನದಲ್ಲೇ ಬರೆಯುತ್ತೇನೆ. ನಾನು ಮೈಸೂರು ಬಿಟ್ಟು ಇಲ್ಲಿಗೆ ಬಂದಾಗ ಇನ್ನೂ ಶೋವಾ ಕಾಲ, ಅಂದರೆ 1989ಕ್ಕೂ ಮೊದಲು. ಜಪಾನಿ ಭಾಷೆಯನ್ನು ತರಗತಿಗಿಂತ ಹೆಚ್ಚಾಗಿ ಕರೋಕೆ ಕೋಣೆಯಲ್ಲಿ ಕಲಿತವಳು ನಾನು. ಇನೌಎ ದೈಸುಕೆ 1971ರಲ್ಲಿ ಕರೋಕೆ ಯಂತ್ರವನ್ನು ಬಾಡಿಗೆಗೆ ಬಿಟ್ಟದ್ದು ಇದೇ ಕೋಬೆಯಲ್ಲಿ, ಹಾಗಾಗಿ ಈ ವಿಷಯದಲ್ಲಿ ನಮಗೆ ಸ್ವಲ್ಪ ಜಂಬ.

ಹಾಡು ಹುಡುಕುವ ಮೊದಲು ಪ್ರತಿಯೊಬ್ಬರೂ ಹುಟ್ಟಿದ ವರ್ಷ ಕೇಳಿಕೋ. ನಿನ್ನ ಕಣ್ಣಿಗೆ ಎಲ್ಲರೂ ಅಜ್ಜಿಯರೇ. ಆದರೆ 1937ರಲ್ಲಿ ಹುಟ್ಟಿದವರು ಪ್ರೀತಿಸಿ ಪೆಟ್ಟು ತಿಂದದ್ದು ರೇಡಿಯೊ ಕಾಲದಲ್ಲಿ, 1950ರಲ್ಲಿ ಹುಟ್ಟಿದವರು ಬಣ್ಣದ ಟಿವಿಯ ಮುಂದೆ. ಇಬ್ಬರಿಗೂ ಒಂದೇ ಪಟ್ಟಿ ಹಿಡಿದರೆ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಗಡಿಯಾರ ನೋಡುತ್ತಾರೆ.

ತೊಂಬತ್ತರ ಹತ್ತಿರದವರಿಗೆ ನಿಶಿದಾ ಸಾಚಿಕೊ ಅವರ ‘ಅಕಾಶಿಯಾ ನೋ ಅಮೆ ಗಾ ಯಾಮು ತೋಕಿ’. 1960ರ ಹಾಡು. ಅಮೆರಿಕದೊಂದಿಗಿನ ಭದ್ರತಾ ಒಪ್ಪಂದವನ್ನು ವಿರೋಧಿಸಿ ಬೀದಿಗಿಳಿದು ಸೋತ ವಿದ್ಯಾರ್ಥಿಗಳು ಇದನ್ನು ತಮ್ಮದಾಗಿಸಿಕೊಂಡರು. ಆಮೇಲೆ ಮಿಸೋರಾ ಹಿಬಾರಿಯವರ ‘ಕನಾಶಿಯ್ ಸಾಕೆ’, 1966. ಇದನ್ನು ಹಾಡುವಾಗ ಹಿಬಾರಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ನೀನು ಹಾಡಲು ಹೋಗಬೇಡ, ಕೇಳಿಸು ಸಾಕು.

ಎಪ್ಪತ್ತೈದರಿಂದ ಎಂಬತ್ತೈದರವರೆಗಿನವರಿಗೆ ಇಶಿಕಾವಾ ಸಯುರಿಯ ‘ತ್ಸುಗಾರು ಕಾಯ್ಕ್ಯೋ ಫುಯುಗೆಶಿಕಿ’ ಇಲ್ಲದೆ ಆಗದು. 1977ರದು. ಹಾಡು ಬಂದಾಗ ಹಾಡಿದವಳಿಗೆ ಇಪ್ಪತ್ತು ತುಂಬಿರಲಿಲ್ಲ; ಈಗಲೂ ಡಿಸೆಂಬರ್ 31ರ ರಾತ್ರಿ ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಕೋಹಾಕು ಗಾಯನ ಕಾರ್ಯಕ್ರಮದಲ್ಲಿ ಬಹುತೇಕ ಒಂದು ವರ್ಷ ಇದು, ಇನ್ನೊಂದು ವರ್ಷ ಅವಳದೇ ‘ಅಮಾಗಿಗೊಎ’. ಕಥೆ ಇಷ್ಟೇ: ಟೋಕಿಯೊದ ಉಎನೋ ನಿಲ್ದಾಣದಿಂದ ರಾತ್ರಿ ರೈಲಿನಲ್ಲಿ ಹೊರಟ ಹೆಂಗಸು ಹಿಮ ಬೀಳುತ್ತಿರುವ ಆಓಮೊರಿಯಲ್ಲಿ ಇಳಿಯುತ್ತಾಳೆ, ಉತ್ತರದ ಹೊಕ್ಕೈದೊ ದ್ವೀಪಕ್ಕೆ ಹೋಗುವ ಹಡಗು ಹತ್ತುತ್ತಾಳೆ. ಅವನು ಯಾರು, ಏನು ಮಾಡಿದ, ಒಂದೂ ಹೇಳುವುದಿಲ್ಲ. ಉಎನೋ ಎಂಬ ಹೆಸರೇ ಅರ್ಧ ಕೆಲಸ ಮಾಡಿಬಿಡುತ್ತದೆ. ಐವತ್ತು, ಅರವತ್ತರ ದಶಕಗಳಲ್ಲಿ ಉತ್ತರದ ಹಳ್ಳಿಗಳಿಂದ ಮಾಧ್ಯಮಿಕ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಗುಂಪುಗುಂಪಾಗಿ ಕಾರ್ಖಾನೆ, ಅಂಗಡಿಗಳಿಗೆ ಕರೆತಂದ ರೈಲುಗಳು ಬಂದು ನಿಲ್ಲುತ್ತಿದ್ದದ್ದು ಅಲ್ಲೇ. ಕಾವಾಸಾಕಿ ಕಾರ್ಖಾನೆಗಳ ಊರು. ನಿನ್ನ ಅಜ್ಜಿಯರಲ್ಲಿ ಅಂಥವರು ಇದ್ದರೂ ಇದ್ದಾರು. ಆ ಹಡಗು ಸೇವೆ 1988ರಲ್ಲಿ ಸಮುದ್ರದಡಿಯ ಸೈಕಾನ್ ಸುರಂಗ ತೆರೆದ ದಿನವೇ ನಿಂತಿತು. ಆಓಮೊರಿಯಲ್ಲಿ ಹಳೆಯ ಹಡಗನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ, ಪಕ್ಕದಲ್ಲಿ ಈ ಹಾಡಿನದೇ ಒಂದು ಸ್ಮಾರಕ. ಹತ್ತಿರ ಹೋದರೆ ತಾನಾಗಿ ಹಾಡತೊಡಗುತ್ತದೆ. ಮಳೆಯಲ್ಲಿ ಕೊಡೆ ಹಿಡಿದು ಅದರ ಮುಂದೆ ನಿಂತ ಹೆಂಗಸರನ್ನು ನೋಡಿದ್ದೇನೆ. ಒಬ್ಬಳ ಹತ್ತಿರವೂ ಮೊಬೈಲ್ ಹೊರಗಿರಲಿಲ್ಲ.

ಗುಂಪಿನಲ್ಲಿ ಹಾಡಿಸಲು ಓತಾ ಹಿರೋಮಿಯ ‘ಮೊಮೆನ್ ನೋ ಹಾಂಕಾಚೀಫು’, 1975. ಹುಡುಗ ನಗರಕ್ಕೆ ಹೋಗುತ್ತಾನೆ, ಹುಡುಗಿ ಊರಲ್ಲೇ ಉಳಿಯುತ್ತಾಳೆ. ಪ್ರತಿ ಚರಣದ ಮೊದಲರ್ಧ ಅವನ ಪತ್ರ, ಉಳಿದರ್ಧ ಅವಳ ಉತ್ತರ. ಉಡುಗೊರೆ ಏನೂ ಬೇಡವೆನ್ನುತ್ತ ಬಂದವಳು ಕೊನೆಗೆ ಕಣ್ಣೊರೆಸಿಕೊಳ್ಳಲು ಒಂದು ಹತ್ತಿಯ ಕರವಸ್ತ್ರ ಕೇಳುತ್ತಾಳೆ. ರಾಗ ಮಾತ್ರ ಪ್ರವಾಸಕ್ಕೆ ಹೊರಟಂತೆ ಉಲ್ಲಾಸದ್ದು, ಅದೇ ರಾಗ ಹಾಕಿದ ತ್ಸುತ್ಸುಮಿ ಕ್ಯೋಹೇಯ ಚಾಣಾಕ್ಷತನ. ಮೇಜಿನ ಒಂದು ಬದಿಯವರನ್ನು ಹುಡುಗನನ್ನಾಗಿ ಮಾಡು, ಇನ್ನೊಂದು ಬದಿಯವರನ್ನು ಹುಡುಗಿಯನ್ನಾಗಿ. ಹುಡುಗನ ಪಾಲು ಯಾರಿಗೂ ಬೇಡವಾಗುತ್ತದೆ, ಅದಕ್ಕೆ ಸಿದ್ಧಳಾಗಿರು.

ಚಿಆಕಿ ನಓಮಿಯ ‘ಕಸ್ಸಾಯ್’ (1972) ಕೂಡ ದೊಡ್ಡ ಹಾಡು. ವೇದಿಕೆಗೆ ಹೋಗಬೇಕಾದ ಗಾಯಕಿಗೆ, ತಾನು ಬಿಟ್ಟುಬಂದವನ ಸಾವಿನ ಸುದ್ದಿ ಕಪ್ಪು ಅಂಚಿನ ಕಾಗದದಲ್ಲಿ ಬರುತ್ತದೆ. ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿ ಇದಕ್ಕೇ. ಇಪ್ಪತ್ತು ವರ್ಷದ ನಂತರ, 1992ರಲ್ಲಿ, ಗಂಡ ತೀರಿಕೊಂಡ ಮೇಲೆ ಆಕೆ ವೇದಿಕೆಯನ್ನೇ ಬಿಟ್ಟರು.

ವಾರ್ಡ್ ನಂಬರ್ ಏಳು:
ಬೆಂಗಳೂರಿನಲ್ಲಿ ವೃದ್ಧರ ಆರೈಕೆಯಲ್ಲಿರುವ ಶುಶ್ರೂಷಕಿ ನಾನು. ಒಂದು ಆತಂಕ ಹೇಳಲೇಬೇಕು. ಅವರಲ್ಲಿ ಎಷ್ಟೋ ಜನ ಗಂಡನನ್ನು ಕಳೆದುಕೊಂಡವರಿರುತ್ತಾರೆ. ಮರೆವಿನ ಕಾಯಿಲೆ ಇರುವವರಿಗೆ ಹಾಡು ಮುಗಿದ ಮೇಲೂ ದುಃಖ ಮಾತ್ರ ಉಳಿದು, ಅದು ಏಕೆಂದು ನೆನಪಾಗದೆ ರಾತ್ರಿಯೆಲ್ಲ ಚಡಪಡಿಸುವುದನ್ನು ನೋಡಿದ್ದೇನೆ. ಸಾವಿನ ಹಾಡನ್ನು ದಯವಿಟ್ಟು ಕೈಬಿಡಿ.

ಕೋಬೆಯ ರೇಡಿಯೊ:
‘ಕಸ್ಸಾಯ್’ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ, ಯಾರಾದರೂ ತಾವಾಗಿ ಕೇಳಿದರೆ ಮಾತ್ರ ಹಾಡಲಿ. ಉಳಿದವನ್ನು ಬಿಟ್ಟುಕೊಡುವುದಿಲ್ಲ. ನಾನು ಹೋಗುವ ಕರೋಕೆ ಕಾಫಿ ಅಂಗಡಿಗೆ ಮಧ್ಯಾಹ್ನ ಬರುವವರೆಲ್ಲ ಎಪ್ಪತ್ತು ದಾಟಿದ ಹೆಂಗಸರು. ಗಂಡನ ಕಾಯಿಲೆಯ ಬಗ್ಗೆ ಕೇಳಿದರೆ ತುಟಿ ಬಿಗಿಯುತ್ತದೆ. ಮೈಕು ಕೊಟ್ಟರೆ ಯಾವುದೋ ಕಾಲದ, ಮದುವೆಯಾಗದೆ ಹೋದ ಹುಡುಗನಿಗಾಗಿ ಮನಸಾರೆ ಅಳುತ್ತಾರೆ, ಅತ್ತು ಕೂತು ಕೇಕು ತಿನ್ನುತ್ತಾರೆ. ಎರಡೂ ಬೇರೆ ಬೇರೆ ಅಳು.

ನನ್ನ ತಕರಾರು ಇರುವುದು ಇನ್ನೊಂದು ಕಡೆ. ಈ ಹೆಂಗಸರ ಕಣ್ಣೀರನ್ನು ಬರೆದವರು ಬಹುಪಾಲು ಗಂಡಸರು. ‘ತ್ಸುಗಾರು’ ಬರೆದ ಅಕು ಯೂ ಅವರೇ ಮಿಯಾಕೊ ಹಾರುಮಿಗೆ ‘ಕಿತಾ ನೋ ಯಾದೋ ಕಾರಾ’ ಬರೆದುಕೊಟ್ಟರು. 1976ರ ರೆಕಾರ್ಡ್ ಪ್ರಶಸ್ತಿ ಅದಕ್ಕೆ. ಅವನು ತೊಡುವುದಿಲ್ಲವೆಂದು ಗೊತ್ತಿದ್ದೂ ಚಳಿಯಲ್ಲಿ ಕುಳಿತು ಅವನಿಗೆ ಸ್ವೆಟರ್ ಹೆಣೆಯುವ ಹೆಣ್ಣು! ಆ ಸ್ವೆಟರ್ ಮೇಲೆ ನನಗೆ ಕೆಟ್ಟ ಸಿಟ್ಟು. ಹಾಡುವುದಿಲ್ಲ ಎಂದಲ್ಲ, ಸಿಟ್ಟಿನಿಂದಲೇ ಹಾಡುತ್ತೇನೆ, ಹಾಗೆ ಹಾಡಿದರೇ ಚೆನ್ನ. ಅದರ ಎದುರಿಗೆ ನಕಾಜಿಮಾ ಮಿಯುಕಿಯ ‘ವಾಕಾರೆಊತಾ’ (1977) ಇಡು. ಸಪ್ಪೊರೊದಲ್ಲಿ ಹುಟ್ಟಿದ ಆಕೆ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದವಳು. ತಾಕೆಉಚಿ ಮರಿಯಾ ‘ಎಕಿ’ಯನ್ನು ಮೊದಲು ನಕಾಮೊರಿ ಅಕಿನಾಗೆ ಕೊಟ್ಟು 1987ರಲ್ಲಿ ತಾನೂ ಹಾಡಿದಳು: ಮುಸ್ಸಂಜೆಯ ರೈಲು ನಿಲ್ದಾಣದಲ್ಲಿ ಹಳೆಯ ಗೆಳೆಯ ಕಾಣುತ್ತಾನೆ, ಅವಳು ಮಾತಾಡಿಸುವುದಿಲ್ಲ. ಅಷ್ಟೇ. ಸ್ವೆಟರ್ ಗೀವೆಟರ್ ಏನಿಲ್ಲ.

ಇನ್ನೊಂದು, ಸ್ವಲ್ಪ ತುಂಟ ಹಾಡು. ಕೊಬಾಯಾಶಿ ಅಕಿಕೊಳ ‘ಕೋಯ್ ನಿ ಓಚಿತೆ’, 1985. ಶುಕ್ರವಾರ ರಾತ್ರಿ ಬರುತ್ತಿದ್ದ, ಗೃಹಿಣಿಯರ ಕಳ್ಳಪ್ರೇಮದ ಟಿವಿ ಧಾರಾವಾಹಿಯ ಶೀರ್ಷಿಕೆ ಗೀತೆ. ಡಯಲ್ ತಿರುಗಿಸುತ್ತ ಅರ್ಧಕ್ಕೆ ನಿಲ್ಲುವ ಬೆರಳು ಅದರಲ್ಲಿದೆ. ಮೊಬೈಲ್ ಮಾತ್ರ ನೋಡಿದ ಹುಡುಗಿಯರಿಗೆ ಆ ಸಂಕಟ ತಿಳಿಯದು. ನಿನ್ನ ಅಜ್ಜಿಯರಿಗೆ ಚೆನ್ನಾಗಿ ತಿಳಿಯುತ್ತದೆ.

ತಂಬೂರಿ ಶ್ರುತಿ:
ಒಂದು ಸಂಗೀತದ ಮಾತು. ಎಂಕಾ ಎಂಬ ಈ ಬಗೆಯ ಹಳೆಯ ಜಪಾನಿ ಭಾವುಕ ಹಾಡುಗಳಲ್ಲಿ ‘ಯೊನಾನುಕಿ’ ಎಂಬ ಶ್ರೇಣಿ ಹೆಚ್ಚು, ಮಧ್ಯಮ ಮತ್ತು ನಿಷಾದಗಳನ್ನು ಬಿಟ್ಟ ಐದು ಸ್ವರಗಳದು. ಅದರ ಮೇಜರ್ ರೂಪ ನೇರವಾಗಿ ನಮ್ಮ ಮೋಹನ. ದುಃಖದ ಹಾಡುಗಳ ಮೈನರ್ ರೂಪ ಬೇಕೆಂದರೆ ಶಿವರಂಜನಿಯ ಚತುಶ್ರುತಿ ಧೈವತವನ್ನು ಶುದ್ಧ ಧೈವತಕ್ಕೆ ಇಳಿಸಿ ಹಾಡಿ ನೋಡಿ. ಅವರು ‘ಕೊಬುಶಿ’ ಎನ್ನುವ ಕೊರಳಿನ ಬಳುಕು ಗಮಕ ಬಲ್ಲವರಿಗೆ ಬೇಗ ಒಲಿಯುತ್ತದೆ. ಆದರೆ ಪ್ರತಿ ಸ್ವರಕ್ಕೂ ಹಾಕಬೇಡಿ, ಸಾಲಿನ ಕೊನೆಯಲ್ಲಿ ಒಂದು ಸಾಕು.

ಕಾವಾಸಾಕಿ ಕನ್ನಡತಿ:
ಎಲ್ಲರಿಗೂ ವಂದನೆಗಳು. ಅಕ್ಕಾ, ಈ ವಾರಕ್ಕೆ ‘ಹಾಂಕಾಚೀಫು’ ಮತ್ತು ‘ತ್ಸುಗಾರು’ ಆರಿಸಿಕೊಂಡೆ. ಕೇಂದ್ರದಲ್ಲಿ ಕರೋಕೆ ಯಂತ್ರ ಇದೆ. ಮೂಲ ಶ್ರುತಿಯಲ್ಲೇ ಇಡಬಹುದೇ? ತೆರೆಸಾ ತೆನ್ ಹಾಡು ಬೇಕೆಂದು ಒಬ್ಬರು ಕೇಳಿದ್ದೂ ಈಗ ನೆನಪಾಯಿತು.

ಕೋಬೆಯ ರೇಡಿಯೊ:
ಮೂಲ ಶ್ರುತಿ ಬೇಡ. ವಯಸ್ಸಾದ ಹೆಂಗಸರ ದನಿ ಕೆಳಗಿಳಿದಿರುತ್ತದೆ, ಯಂತ್ರದಲ್ಲಿ ಎರಡು ಮೂರು ಮೆಟ್ಟಿಲು ಇಳಿಸು. ಇಳಿಸಿದ್ದನ್ನು ಹೇಳಬೇಡ, ಬೇಸರ ಮಾಡಿಕೊಳ್ಳುತ್ತಾರೆ. ತೆರೆಸಾ ತೆನ್ ತೈವಾನಿನವಳು. 1984, 85, 86 ಮೂರೂ ವರ್ಷ ಇಲ್ಲಿನ ತಂತಿ ಪ್ರಸಾರದ ದೊಡ್ಡ ಪ್ರಶಸ್ತಿ ಅವಳದೇ. ಬಾರುಗಳಿಗೆ, ಅಂಗಡಿಗಳಿಗೆ ತಂತಿಯಲ್ಲಿ ಹಾಡು ಬರುತ್ತಿದ್ದ ಕಾಲ, ಫೋನ್ ಮಾಡಿ ಬೇಕಾದ ಹಾಡು ಹಾಕಿಸಿಕೊಳ್ಳುತ್ತಿದ್ದರು. ‘ತೋಕಿ ನೋ ನಾಗಾರೆ ನಿ ಮಿ ಓ ಮಕಾಸೆ’ ಕಲಿ, ನಿಧಾನದ್ದು, ಉಸಿರಿಗೆ ಹಿತ. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸು. ಕಾಂಜಿಯ (ಚೀನೀ ಮೂಲದ ಅಕ್ಷರದ) ತಲೆಯ ಮೇಲೆ ಉಚ್ಚಾರಣೆ ತೋರಿಸುವ ಸಣ್ಣ ಅಕ್ಷರ ನಿನ್ನ ಪ್ರತಿಗೆ ಮಾತ್ರ ಹಾಕಿಕೋ, ಅವರ ಪ್ರತಿಗೆ ಹಾಕಿದರೆ ಮತ್ತೆ ‘ನಮಗೇನು ಆರು ವರ್ಷವೇ’ ಎನ್ನುತ್ತಾರೆ.